ನೋವು ನಿಂತಿತ್ತು, ಕಲ್ಲು ಅಲ್ಲೇ ಇತ್ತು

ನಾನು ವಿಜಯಪುರದಲ್ಲಿ ಪಿಗ್ಮಿ ಎತ್ತುವವಳು, ಅಂದರೆ ಅಂಗಡಿ ಅಂಗಡಿಗೆ ಹೋಗಿ ದಿನದ ಉಳಿತಾಯದ ದುಡ್ಡು ಕೂಡಿಸುವವಳು. ಗಾಂಧಿ ಚೌಕ, ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್, ಅಲ್ಲಿಂದ ಬಸ್ ಸ್ಟ್ಯಾಂಡ್ ಕಡೆಗೆ ನನ್ನ ದಾರಿ. ಬಟ್ಟೆ ಅಂಗಡಿಯವರು ದಿನಾ 200 ಕೊಡುತ್ತಾರೆ, ಭಾಂಡೆ (ಪಾತ್ರೆ) ಅಂಗಡಿಯವರು 100, ಹೂ ಮಾರುವ ಅಜ್ಜಿ 20. ಮಷಿನ್‌ನಿಂದ ಚೀಟಿ ಹರಿದು ಕೊಟ್ಟು ಮುಂದಿನ ಅಂಗಡಿಗೆ ಹೋಗುವುದು. ಹನ್ನೊಂದು ವರ್ಷ ಆಯಿತು. ಇಷ್ಟು ವರ್ಷದಲ್ಲಿ ನಾನು ಪಕ್ಕಾ ಕಲಿತ ವಿದ್ಯೆ ಎರಡು. ನೋಟು ನೋಡದೆ ಎಣಿಸುವುದು, ನೀರು ಕುಡಿಯದೆ ಇರುವುದು.

ಎರಡನೆಯದು ಯಾಕೆ ಅಂತ ಹೆಂಗಸರಿಗೆ ಹೇಳಬೇಕಿಲ್ಲ. ಬೆಳಿಗ್ಗೆ 10ಕ್ಕೆ ಮನೆ ಬಿಟ್ಟರೆ ತಿರುಗಿ ಬರುವುದು ಮಧ್ಯಾಹ್ನ 3ಕ್ಕೆ. ಮತ್ತೆ ಸಂಜೆ 5ರಿಂದ 8. ಗಂಡಸರು ಎಲ್ಲಾದರೂ ಒಂದು ಗೋಡೆ ಹುಡುಕಿಕೊಳ್ಳುತ್ತಾರೆ. ನಾವು ಎಲ್ಲಿ ಹೋಗೋದು? ಹಾಗಾಗಿ ಬೆಳಿಗ್ಗೆ ಅರ್ಧ ಕಪ್ ಚಹಾ, ಆಮೇಲೆ ಮನೆ ಸೇರಿದ ಮೇಲೆಯೇ ನೀರು. ಅಂಗಡಿಯವರು "ಅಕ್ಕಾರ, ನೀರರ ಕುಡೀರಿ, ಬಿಸಲು ಬಾಳ ಅದ" ಅಂದರೆ "ಈಗಷ್ಟ ಕುಡದೇನ್ರಿ" ಅಂತ ಸುಳ್ಳು ಹೇಳುತ್ತಿದ್ದೆ. ಬೇಸಿಗೆಯಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ. ಮೈಯಲ್ಲಿದ್ದ ನೀರೆಲ್ಲ ಬೆವರಾಗಿ ಹೋಗುತ್ತಿತ್ತು. ಮಧ್ಯಾಹ್ನ ಬಂದು ಬಾತ್‌ರೂಮಿಗೆ ಹೋದರೆ ಸಣ್ಣ ಲೋಟದಷ್ಟು ಬಂದರೆ ಜಾಸ್ತಿ. ಬಣ್ಣ ಹಾಲು ಹಾಕದ ಚಹಾದ್ದು. ಒಳ್ಳೆಯದೇ ಆಯಿತು, ಹೋಗುವ ಗೋಜು ತಪ್ಪಿತು ಅಂದುಕೊಂಡಿದ್ದೆ.

ನಡುವೆ ಮೂರು ನಾಲ್ಕು ಸಲ ಉರಿಮೂತ್ರ ಆಗಿತ್ತು. ಹೋಗಿ ಬಂದು ಐದು ನಿಮಿಷಕ್ಕೆ ಮತ್ತೆ ಹೋಗಬೇಕು ಅನ್ನಿಸುವುದು, ಹೋದರೆ ಎರಡು ಹನಿ, ಅದೂ ಮೆಣಸಿನಕಾಯಿ ಹಚ್ಚಿದ ಹಾಗೆ. ಅತ್ತೆ "ಉಷ್ಣ ಆಗ್ಯದ" ಅಂತ ಕೊತ್ತಂಬರಿ ಕಾಳು ನೆನೆಸಿದ ನೀರು ಕೊಟ್ಟರು. ಮೆಡಿಕಲ್ ಅಂಗಡಿಯಲ್ಲಿ ಹೇಳಿದರೆ ಗುಳಿಗೆ ಕೊಟ್ಟರು. ಎರಡು ದಿನಕ್ಕೆ ಉರಿ ಹೋಗುತ್ತಿತ್ತು, ಉಳಿದ ಗುಳಿಗೆ ಡಬ್ಬಿಗೆ ಸೇರುತ್ತಿತ್ತು. ಮುಂದಿನ ಸಲ ಅದೇ ಡಬ್ಬಿ. ಮೂತ್ರ ಪರೀಕ್ಷೆ ಮಾಡಿಸಲೇ ಇಲ್ಲ. ಹೆಂಗಸರಲ್ಲಿ ಮೂತ್ರ ಹೊರಗೆ ಬರುವ ದಾರಿ ಬರೀ 4 ಸೆಂಟಿಮೀಟರ್ ಉದ್ದ. ಕರುಳಿನ ಕಡೆಯ ಕ್ರಿಮಿ ಸುಲಭವಾಗಿ ಮೂತ್ರಕೋಶಕ್ಕೆ ಹತ್ತಿಬಿಡುತ್ತದೆ. ಆಗಾಗ ಮೂತ್ರ ಹೋದರೆ ಅದು ತೊಳೆದುಕೊಂಡು ಹೋಗುತ್ತದೆ. ಐದು ತಾಸು ತಡೆದರೆ ಅಲ್ಲೇ ಮನೆ ಮಾಡುತ್ತದೆ. ಇದನ್ನೆಲ್ಲ ನನಗೆ ಹೇಳಿದ್ದು ಆಮೇಲೆ, ಎಲ್ಲ ಆದ ಮೇಲೆ.

ಏಪ್ರಿಲ್‌ನ ಒಂದು ರಾತ್ರಿ 2 ಗಂಟೆಗೆ ಎಚ್ಚರ ಆಯಿತು. ಎಡಗಡೆ, ಪಕ್ಕೆಲುಬಿನ ಕೆಳಗೆ, ಬೆನ್ನಿನ ಕಡೆ ಯಾರೋ ಹಿಡಿದು ತಿರುವಿದ ಹಾಗೆ. ಎದ್ದು ಕೂತೆ. ಆಗಲಿಲ್ಲ. ಮಲಗಿದೆ, ಆಗಲಿಲ್ಲ. ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆದೆ. ನೋವು ಮುಂದಕ್ಕೆ ಬಂದು ತೊಡೆಯ ಸಂದಿಗೆ ಇಳಿಯಿತು. ಆಮೇಲೆ ವಾಂತಿ. ನನಗೆ ಎರಡು ಹೆರಿಗೆ ಆಗಿವೆ. ಹೆರಿಗೆ ನೋವು ನಡುವೆ ಉಸಿರಾಡಲು ಬಿಡುತ್ತದೆ. ಇದು ಸ್ವಲ್ಪ ಸಡಿಲ ಆಗುತ್ತಿತ್ತು, ಪೂರ್ತಿ ಬಿಡುತ್ತಿರಲಿಲ್ಲ. ಅತ್ತೆ ಗ್ಯಾಸ್ ಅಂದರು, ಓಮು ಜಗಿಯಲು ಕೊಟ್ಟರು. ನಮ್ಮ ಮನೆಯವರು ಸುಮ್ಮನೆ ಬೈಕ್ ತೆಗೆದರು. ಆ ಬೈಕಿನ ಮೇಲೆ ಸ್ಪೀಡ್ ಬ್ರೇಕರ್ ಎಷ್ಟಿವೆ ಅಂತ ಅವತ್ತು ಎಣಿಸಿದೆ.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಹುಡುಗ ಡಾಕ್ಟರ್ ನನ್ನ ಮುಖ ನೋಡಿಯೇ "ಹರಳು ಇರಬೇಕ್ರಿ" ಅಂದರು, ಅಂದರೆ ಕಿಡ್ನಿ ಕಲ್ಲು. ಹೊಟ್ಟೆಯೊಳಗೆ ಬೇರೆ ಏನಾದರೂ ಕೆಟ್ಟಿದ್ದರೆ ಮನುಷ್ಯ ಅಲುಗಾಡದೆ ಮಲಗುತ್ತಾನಂತೆ. ಕಲ್ಲಿನ ನೋವಿನವರು ಮಂಚದ ಮೇಲೆ ನಿಲ್ಲುವುದಿಲ್ಲ, ಹೊರಳಾಡುತ್ತಾರಂತೆ. ನೋವು ಇಳಿಸುವ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟರು. ಅರ್ಧ ತಾಸಿನಲ್ಲಿ ನಿದ್ದೆ ಬಂತು.

ಮರುದಿನ ಹೊಟ್ಟೆ ಸ್ಕ್ಯಾನಿಂಗ್. ಅದಕ್ಕೆ ಮೊದಲು 1 ಲೀಟರ್ ನೀರು ಕುಡಿದು ಕಾಯಬೇಕು ಅಂದರು. ಒಂದೇ ಸಲ ಅಷ್ಟು ನೀರು ಕುಡಿದದ್ದು ನನಗೆ ನೆನಪಿಲ್ಲ. ರಿಪೋರ್ಟ್ ಹೀಗಿತ್ತು: ಎಡ ಕಿಡ್ನಿ ಸ್ವಲ್ಪ ಊದಿದೆ, ಅದರ ಕೆಳಗಿನ ನಾಳ ಅಗಲವಾಗಿದೆ, ನಾಳದಲ್ಲಿ ಕಲ್ಲು ಕಾಣುತ್ತಿಲ್ಲ. ಬಲ ಕಿಡ್ನಿಯಲ್ಲಿ 4 ಎಂಎಂದು ಒಂದು ಸಣ್ಣ ಕಲ್ಲು. ನೋವಿರುವ ಕಡೆ ಕಲ್ಲು ಇಲ್ಲ, ನೋವಿಲ್ಲದ ಕಡೆ ಇದೆ. ಇದೆಂಥ ನ್ಯಾಯ ಅನ್ನಿಸಿತು.

ಡಾಕ್ಟರ್ ಹಾಳೆಯ ಹಿಂದೆ ಚಿತ್ರ ಬರೆದು ತೋರಿಸಿದರು. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಸುಮಾರು 25 ಸೆಂಟಿಮೀಟರ್. ಅದರಲ್ಲಿ ಮೂರು ಕಡೆ ದಾರಿ ಇಕ್ಕಟ್ಟು. ಕಿಡ್ನಿಯಿಂದ ಹೊರಡುವ ಜಾಗ, ನಡುವೆ ಕಾಲಿಗೆ ಹೋಗುವ ದೊಡ್ಡ ರಕ್ತನಾಳವನ್ನು ದಾಟುವ ಜಾಗ, ಕೊನೆಗೆ ಮೂತ್ರಕೋಶದೊಳಗೆ ಹೊಗುವ ಬಾಯಿ. ಈ ಬಾಯಿಯೇ ಎಲ್ಲಕ್ಕಿಂತ ಸಣ್ಣದು. ಕಲ್ಲು ಸಿಕ್ಕಿಕೊಳ್ಳುವುದು ಇಂಥ ಕಡೆ. ಕಲ್ಲು ಕಿಡ್ನಿಯಲ್ಲಿ ಸುಮ್ಮನೆ ಕೂತಿದ್ದರೆ ನೋಯುವುದು ಕಡಿಮೆ, ನಾಳಕ್ಕೆ ಇಳಿದಾಗಲೇ ಈ ಕುಣಿತ. 5 ಎಂಎಂ ಒಳಗಿದ್ದರೆ ಬಹಳಷ್ಟು ಕಲ್ಲು ತಾವೇ ಬೀಳುತ್ತವೆ. 10 ದಾಟಿದರೆ ಬೀಳುವುದು ಅಪರೂಪ. ನಡುವಿನದ್ದು ಅದೃಷ್ಟ. ನಾಳದ ನಡುಭಾಗ ಕರುಳಿನ ಗಾಳಿಯಿಂದಾಗಿ ಈ ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಸಿಟಿ ಸ್ಕ್ಯಾನ್ ಮಾಡಿಸಿಕೊಂಡು ವಾರದಲ್ಲಿ ಬನ್ನಿ ಅಂದರು. ನಾಳ ಸಡಿಲ ಮಾಡುವ ಟ್ಯಾಮ್ಸುಲೋಸಿನ್ ಗುಳಿಗೆ ಬರೆದರು. ಮೂತ್ರವನ್ನು ಸೋಸಿ ನೋಡಿ, ಕಲ್ಲು ಬಿದ್ದರೆ ತನ್ನಿ ಅಂದರು. "ಜ್ವರ ಬಂದ್ರ ಮಾತ್ರ ದಾರಿ ನೋಡಬ್ಯಾಡ್ರಿ, ನಡುರಾತ್ರಿ ಆದ್ರೂ ಬರ್ರಿ." ಇದನ್ನ ಎರಡು ಸಲ ಹೇಳಿದರು.

ಚಹಾ ಸೋಸುವ ಜರಡಿ ಒಂದು ಹೊಸದು ತಂದೆವು. ಅದಕ್ಕೆ ಕೆಂಪು ದಾರ ಕಟ್ಟಿ ಬಾತ್‌ರೂಮಿನಲ್ಲಿ ಮೊಳೆಗೆ ಹಾಕಿದೆ. ಮನೆಯಲ್ಲಿ ಯಾರಾದರೂ ತಪ್ಪಿ ಅಡುಗೆಮನೆಗೆ ಒಯ್ದರೆ ಅಂತ ನನಗೆ ದಿಗಿಲು. ಮೂರು ದಿನ ಸೋಸಿದೆ. ಏನೂ ಬೀಳಲಿಲ್ಲ. ನಾಲ್ಕನೇ ದಿನ ನೋವು ಪೂರ್ತಿ ನಿಂತಿತು.

ನಿಂತೇಬಿಟ್ಟಿತು. ಹೋಯ್ತು ಪೀಡೆ, ಎಲ್ಲೋ ಗೊತ್ತಾಗದಂತೆ ಬಿದ್ದಿರಬೇಕು ಅಂದುಕೊಂಡೆ. ಸಿಟಿ ಸ್ಕ್ಯಾನ್‌ಗೆ ಸಾವಿರಗಟ್ಟಲೆ ದುಡ್ಡು. ಅದು ತಿಂಗಳ ಕೊನೆಯೂ ಆಗಿತ್ತು, ನಮಗೆ ಖಾತೆ ತಾಳೆ ಹಾಕುವ ಹೊತ್ತು. ವಾರದಲ್ಲಿ ಹೋಗಬೇಕಿದ್ದವಳು ಹೋಗಲಿಲ್ಲ. ನೋವೇ ಇಲ್ಲ ಅಂದ ಮೇಲೆ ಡಾಕ್ಟರ್ ಹತ್ತಿರ ಹೋಗಿ ಏನು ಹೇಳೋದು, ಅಲ್ವಾ?

ಆಮೇಲೆ ಶುರುವಾದದ್ದು ಮಾರ್ಕೆಟ್ ವೈದ್ಯ. ವಿಷಯ ಒಂದು ಅಂಗಡಿಗೆ ಗೊತ್ತಾದರೆ ಇಡೀ ಸಾಲಿಗೆ ಗೊತ್ತು. ಬಾಳೆದಿಂಡಿನ ರಸ ಕುಡೀರಿ ಅಂದರು ಒಬ್ಬರು. ಕಾಡುಬಸಳೆ ಎಲೆ ಬೆಳಿಗ್ಗೆ ಹಸಿದ ಹೊಟ್ಟೆಗೆ ತಿನ್ನಿ ಅಂದರು ಇನ್ನೊಬ್ಬರು. ಹಾರ್ಡ್‌ವೇರ್ ಅಂಗಡಿಯವರು ನಮ್ಮ ಮನೆಯವರನ್ನ ಪಕ್ಕಕ್ಕೆ ಕರೆದು ಬಿಯರ್ ಕುಡಿಸಿದರೆ ಬೀಳುತ್ತದೆ ಅಂದರಂತೆ. ಅವರು ಕುಡಿಯುವುದಕ್ಕೆ ಒಂದು ನೆವ ಬೇಕಿತ್ತು ಅಂತ ನನ್ನ ಅನುಮಾನ. ಅತ್ತೆ ದಿನಾ ಹುರಳಿ ಕಟ್ಟಿನ ಸಾರು ಮಾಡಿದರು. ಹುರಳಿಯನ್ನ ನಾನು ಬೈಯುವುದಿಲ್ಲ, ಬಿಸಿ ರೊಟ್ಟಿಗೆ ಅದರಂಥ ಸಾರು ಇನ್ನೊಂದಿಲ್ಲ. ಆದರೆ ನಾಳದಲ್ಲಿ ಕಚ್ಚಿಕೊಂಡ ಕಲ್ಲಿಗೆ ಅದರ ರುಚಿ ಗೊತ್ತಾಗಲಿಲ್ಲ.

ಏಳು ವಾರ ಹೀಗೇ ಹೋಯಿತು. ಬೆನ್ನಿನಲ್ಲಿ ಸಣ್ಣಗೆ ಭಾರ ಇತ್ತು. ಗಾಡಿ ಓಡಿಸಿ ಆಗಿರಬೇಕು ಅಂದುಕೊಂಡೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಸಂಜೆ ಭಾಂಡೆ ಅಂಗಡಿಯಲ್ಲಿ ನಿಂತಿದ್ದಾಗ ಚಳಿ ಶುರುವಾಯಿತು. ಹಲ್ಲು ಕಟಕಟ ಅನ್ನುವ ಚಳಿ. ಮಷಿನ್ ಹಿಡಿದ ಕೈ ನಡುಗಿ 100ರ ಜಾಗದಲ್ಲಿ 1000 ಒತ್ತಿದೆ. "ಅಕ್ಕಾರ, ಮಾರಿ ಯಾಕ ಹಿಂಗ ಆಗ್ಯದ?" ಅಂತ ಅಂಗಡಿಯವರು ಕುರ್ಚಿ ಹಾಕಿ ಕೂರಿಸಿದರು, ಮನೆಗೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಜ್ವರ 103. ನೋವು ಈಗಲೂ ಅಂಥಾದ್ದೇನಿರಲಿಲ್ಲ.

ಈ ಸಲ ಯಾರೂ ನನ್ನನ್ನ ಕೇಳಲಿಲ್ಲ, ನೇರ ಸಿಟಿ. ಹತ್ತು ನಿಮಿಷ ಕೂಡ ಹಿಡಿಯಲಿಲ್ಲ. ಅದನ್ನು ನಾನು ಏಳು ವಾರ ಮುಂದೆ ಹಾಕಿದ್ದೆ. ಎಡ ನಾಳದ ಕೆಳಭಾಗದಲ್ಲಿ 8 ಎಂಎಂ ಕಲ್ಲು. ಅದರ ಮೇಲೆ ನಾಳವೆಲ್ಲ ಉಬ್ಬಿದೆ, ಕಿಡ್ನಿ ನೀರು ತುಂಬಿದ ಚೀಲದ ಹಾಗೆ. ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ತೋರಿಸುವ ರಕ್ತದ ಲೆಕ್ಕ, ಕ್ರಿಯಾಟಿನಿನ್, 1.7. ಇರಬೇಕಾದ್ದಕ್ಕಿಂತ ಜಾಸ್ತಿ. ರಕ್ತದಲ್ಲಿ ಬಿಳಿಕಣ ಏರಿತ್ತು, ಸೋಂಕಿನ ಗುರುತು.

ಮೂತ್ರರೋಗದ ಡಾಕ್ಟರ್ ಬಂದರು. ನನಗಿಂತ ಚಿಕ್ಕವರು. ನಾನು ಕೇಳಿದ ಮೊದಲ ಮಾತು, "ಸರ್, ಬ್ಯಾನಿ ನಿಂತಿತ್ತಲ್ರಿ?"

"ಬ್ಯಾನಿ ನಿಂತದ್ದು ಕಲ್ಲು ಬಿದ್ದದ್ದಕ್ಕಲ್ರಿ ಅಕ್ಕಾರ. ಕಿಡ್ನಿ ಸೋತು ಸುಮ್ಮನಾಗಿತ್ತು" ಅಂದರು.

ಅವರು ಬಿಡಿಸಿ ಹೇಳಿದ್ದನ್ನ ನನಗೆ ಅರ್ಥ ಆದಷ್ಟು ಬರೆಯುತ್ತೇನೆ. ನಾಳ ಕಟ್ಟಿದ ಕೂಡಲೇ ಹಿಂದೆ ಮೂತ್ರ ತುಂಬಿ ಒತ್ತಡ ಏರುತ್ತದೆ. ಆ ಒತ್ತಡವೇ ನೋವು. ದಿನ ಕಳೆದಂತೆ ಆ ಕಿಡ್ನಿಗೆ ಬರುವ ರಕ್ತ ಕಡಿಮೆ ಆಗುತ್ತದೆ, ಅದು ಸೋಸುವುದನ್ನ ಕಡಿಮೆ ಮಾಡುತ್ತದೆ. ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಹೊರಗಿನವರಿಗೆ ಗುಣ ಆದ ಹಾಗೆ. ಒಳಗೆ ಕೆಲಸ ನಿಲ್ಲುತ್ತಿದೆ ಅಂತ ಅರ್ಥ. ಇನ್ನೊಂದು ಕಿಡ್ನಿ ಚೆನ್ನಾಗಿದ್ದರೆ ರಕ್ತ ಪರೀಕ್ಷೆಯಲ್ಲೂ ಎಷ್ಟೋ ಸಲ ಗೊತ್ತಾಗುವುದಿಲ್ಲ, ಅದೊಂದೇ ಇಬ್ಬರ ಕೆಲಸ ತೂಗಿಸಿಕೊಂಡು ಹೋಗುತ್ತದೆ. ನೋವು ನಿಂತರೆ ಸ್ಕ್ಯಾನ್ ಮಾಡಿಸಿ ಕಲ್ಲು ಹೋಗಿದೆಯಾ, ಊತ ಇಳಿದಿದೆಯಾ ನೋಡಿಕೊಳ್ಳಬೇಕು. ಇಲ್ಲಾ ಕಲ್ಲು ಜರಡಿಯಲ್ಲಿ ಕೈಗೆ ಸಿಗಬೇಕು. ನನ್ನ ಜರಡಿ ಏಳು ವಾರದಿಂದ ಮೊಳೆಯ ಮೇಲೇ ಇತ್ತು.

ಈಗ ನಿಂತ ಮೂತ್ರಕ್ಕೆ ಸೋಂಕು ಹತ್ತಿತ್ತು. ಕಟ್ಟಿದ ಕಿಡ್ನಿಯಲ್ಲಿ ಸೋಂಕು ಅಂದರೆ ತಡ ಮಾಡುವಂತಿಲ್ಲ. ವಿಷ ರಕ್ತಕ್ಕೆ ಏರಿದರೆ ಜೀವಕ್ಕೇ ಬರುತ್ತದೆ. ಆದರೆ ಅವತ್ತು ಕಲ್ಲಿಗೆ ಕೈ ಹಚ್ಚಲಿಲ್ಲ. ಸೋಂಕಿರುವಾಗ ಕಲ್ಲು ಒಡೆಯಲು ಹೋದರೆ ಅದು ಇನ್ನೂ ಹರಡುತ್ತದಂತೆ. ಮೊದಲು ದಾರಿ ಮಾಡಬೇಕು ಅಂದರು. ರಾತ್ರಿ 11ಕ್ಕೆ ಬೆನ್ನಿಗೆ ಸೂಜಿ ಕೊಟ್ಟು, ಮೂತ್ರದ ದಾರಿಯಿಂದಲೇ ಕಲ್ಲಿನ ಪಕ್ಕದಲ್ಲಿ ಸ್ಟೆಂಟ್ ಅನ್ನುವ ಕೊಳವೆ ತೂರಿಸಿದರು. ಸ್ಟೆಂಟ್ ಒಳಗೆ ಹೋದ ಕೂಡಲೇ ಮಜ್ಜಿಗೆಯಂಥ ಮೂತ್ರ ಬಂತು ಅಂತ ಆಮೇಲೆ ಸಿಸ್ಟರ್ ಹೇಳಿದರು. ಐದು ದಿನ ರಕ್ತನಾಳದಿಂದ ಔಷಧಿ. ಈ ಸಲ ಮೂತ್ರದ ಕಲ್ಚರ್ ಮಾಡಿದರು. ಯಾವ ಕ್ರಿಮಿ, ಅದಕ್ಕೆ ಯಾವ ಔಷಧಿ ನಾಟುತ್ತದೆ ಅನ್ನುವ ಪಟ್ಟಿ ಮೂರು ದಿನಕ್ಕೆ ಬಂತು. ನನ್ನ ಡಬ್ಬಿಯ ಗುಳಿಗೆಯ ಹೆಸರು ಆ ಪಟ್ಟಿಯಲ್ಲಿ 'ನಾಟುವುದಿಲ್ಲ' ಅನ್ನುವ ಸಾಲಿನಲ್ಲಿತ್ತು. ಅರ್ಧ ಅರ್ಧ ನುಂಗಿ ಅದನ್ನ ಪಳಗಿಸಿದ್ದು ಬಹುಶಃ ನಾನೇ.

ಸ್ಟೆಂಟ್ ಬಗ್ಗೆ ಜಾಸ್ತಿ ಬರೆಯಬೇಕು. ಯಾರೂ ನನಗೆ ಮೊದಲೇ ಹೇಳಲಿಲ್ಲ, ಅದಕ್ಕೆ. ಅದೊಂದು ತೆಳ್ಳನೆಯ ಮೆತ್ತನೆ ಪ್ಲಾಸ್ಟಿಕ್ ಕೊಳವೆ. ಎರಡೂ ತುದಿ ಸುರುಳಿ ಸುತ್ತಿರುತ್ತದೆ, ಒಂದು ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ, ಜಾರಬಾರದು ಅಂತ. ಡಿಜೆ ಸ್ಟೆಂಟ್ ಅನ್ನುತ್ತಾರೆ. ನಮ್ಮ ಮಗ ಅದನ್ನ ಕೇಳಿ ಬಿದ್ದು ಬಿದ್ದು ನಕ್ಕ, ಗಣಪತಿ ಮೆರವಣಿಗೆಯ ಡಿಜೆ ನೆನಪಾಗಿ. ಒಳಗೆ ಇಟ್ಟುಕೊಂಡವಳಿಗೆ ನಗು ಬರಲಿಲ್ಲ. ಕೆಳಗಿನ ಸುರುಳಿ ಮೂತ್ರಕೋಶವನ್ನು ಸದಾ ಕೆಣಕುತ್ತಿರುತ್ತದೆ. ಈಗ ಹೋಗಿ ಬಂದರೂ ಮತ್ತೆ ಹೋಗಬೇಕು ಅನ್ನಿಸುತ್ತದೆ. ಮೂತ್ರ ಹೋಗುವಾಗ ಕೊನೆಗೆ ಬೆನ್ನಿನಲ್ಲಿ ಚುಚ್ಚುತ್ತದೆ, ಯಾಕಂದರೆ ಕೊಳವೆಯೊಳಗಿಂದ ಮೂತ್ರ ಮೇಲಕ್ಕೂ ತಳ್ಳುತ್ತದೆ. ಸ್ವಲ್ಪ ಜಾಸ್ತಿ ನಡೆದರೆ ಮೂತ್ರ ಕೆಂಪು. ಮೊದಲ ದಿನ ಕೆಂಪು ನೋಡಿ ನಾನು ಅತ್ತುಬಿಟ್ಟೆ. ಫೋನ್ ಮಾಡಿದರೆ ನೀರು ಜಾಸ್ತಿ ಕುಡೀರಿ, ಗಟ್ಟಿ ರಕ್ತ ಬಿದ್ದರೆ, ಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಬನ್ನಿ ಅಂದರು. ಮೊದಲೇ ಈ ಎರಡು ಮಾತು ಹೇಳಿದ್ದರೆ ಒಂದು ಅಳು ಉಳಿಯುತ್ತಿತ್ತು.

ಆದರೆ ಒಂದು ಮಾತು ಮಾತ್ರ ಎಲ್ಲರೂ ಹೇಳಿದರು. ತೆಗೆಸಲು ಮರೆಯಬೇಡಿ. ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದಿನಾಂಕ ಬರೆದರು. ನನ್ನ ಪಕ್ಕದ ಮಂಚದಲ್ಲಿ ಸಿಂದಗಿ ಕಡೆಯ ಒಬ್ಬರು ಅಜ್ಜ ಇದ್ದರು. ಅವರಿಗೆ ಎರಡು ವರ್ಷದ ಹಿಂದೆ ಬೇರೆಲ್ಲೋ ಸ್ಟೆಂಟ್ ಹಾಕಿದ್ದರು. ಆಮೇಲೆ ಆರಾಮ ಆಯಿತು, ಊರಿಗೆ ಹೋದರು, ಮರೆತರು. ಈಗ ಆ ಕೊಳವೆಯ ಮೇಲೆಯೇ ಕಲ್ಲು ಬೆಳೆದು ಗಾರೆ ಮೆತ್ತಿದ ಹಾಗೆ ಆಗಿತ್ತು. ಎಳೆದರೆ ಬರುವಂತಿಲ್ಲ. ಅವರಿಗೂ ನೋವು ಇಲ್ಲದ್ದೇ ಮೋಸ ಮಾಡಿತ್ತು.

ಮೂರು ವಾರದ ನಂತರ ಲೇಸರ್‌ನಿಂದ ಕಲ್ಲು ಒಡೆದರು. ಇದನ್ನ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಇದೇ ಎಲ್ಲಕ್ಕಿಂತ ಸುಲಭ ಇತ್ತು. ಎಲ್ಲೂ ಕೊಯ್ಯಲಿಲ್ಲ. ಸೊಂಟದ ಕೆಳಗೆ ಮೈ ನನ್ನದಲ್ಲ, ಎದುರಿಗೆ ಟಿವಿ, ಅದರಲ್ಲಿ ನನ್ನದೇ ನಾಳದ ಒಳಗು. ಗುಲಾಬಿ ಬಣ್ಣದ ಸುರಂಗ, ಕೊನೆಯಲ್ಲಿ ಕಂದು ಬಣ್ಣದ ಒರಟು ಕಲ್ಲು, ಥೇಟ್ ಹಳೇ ಬೆಲ್ಲದ ಚೂರು. ಲೇಸರ್ ತಾಗಿದಾಗ ಪುಡಿ ಹಾರುತ್ತಿತ್ತು. ನಲವತ್ತು ನಿಮಿಷ. ಹೊಸ ಸ್ಟೆಂಟ್ ಇಟ್ಟರು, ಎರಡು ವಾರಕ್ಕೆ ತೆಗೆದರು. ತೆಗೆಯುವುದು ಐದೇ ನಿಮಿಷ, ಸ್ವಲ್ಪ ಹಲ್ಲು ಕಚ್ಚಬೇಕು.

ಚೂರುಗಳನ್ನ ಸಣ್ಣ ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕಳಿಸಿದರು. ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂತು, ಹೆಚ್ಚಿನವರಿಗೆ ಇರುವುದು ಇದೇ. ಅದು ಒಂದು ದಿನಕ್ಕೆ ಆಗುವಂಥದ್ದಲ್ಲ. ಮೂತ್ರ ಗಟ್ಟಿಯಾದಾಗ ಒಂದು ಕಣ, ನಾಳೆ ಅದರ ಮೇಲೆ ಇನ್ನೊಂದು. ನಾನು ಊರಿನವರ ಪಿಗ್ಮಿ ಎತ್ತುತ್ತಿದ್ದೆ, ನನ್ನ ಕಿಡ್ನಿ ದಿನಾ ತಪ್ಪದೆ ತನ್ನ ಪಿಗ್ಮಿ ಕಟ್ಟುತ್ತಿತ್ತು.

ಆಮೇಲೆ ಊಟದ ಮಾತು ಬಂತು. ಟೊಮ್ಯಾಟೊ ಬೀಜ, ಬದನೆಕಾಯಿ, ಹಾಲು ಮೊಸರು ಎಲ್ಲ ಬಿಡಬೇಕು ಅಂತ ನಾನು ಆಗಲೇ ಬಿಟ್ಟಿದ್ದೆ. ಕೊಲ್ಹಾರದ ಮಡಿಕೆ ಮೊಸರು ಬಿಟ್ಟು ಎರಡು ತಿಂಗಳು ಇದ್ದೆ ಅಂದರೆ ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ ಅದೆಂಥ ವ್ರತ ಅಂತ. ಡಾಕ್ಟರ್ ನಕ್ಕರು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ ಅಂತ ಮೊಸರು ಬಿಟ್ಟರೆ ಉಲ್ಟಾ ಆಗುತ್ತದಂತೆ. ಊಟದ ಜೊತೆ ಮೊಸರು ತಿಂದರೆ ಅದರ ಕ್ಯಾಲ್ಸಿಯಂ ಊಟದಲ್ಲಿ ಬಂದ ಆಕ್ಸಲೇಟನ್ನ ಹೊಟ್ಟೆಯಲ್ಲೇ ಹಿಡಿದು ಹೊರಗೆ ಒಯ್ಯುತ್ತದೆ. ಇಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಬಿಡಬೇಕಾದ್ದು ಉಪ್ಪು. ಉಪ್ಪು ಜಾಸ್ತಿ ಆದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ, ಎಲ್ಲ ನನ್ನ ಪ್ರಾಣವೇ. ಆಕ್ಸಲೇಟ್ ಜಾಸ್ತಿ ಇರುವ ಪಾಲಕ್ ಅಪರೂಪಕ್ಕೆ. ಶೇಂಗಾದಲ್ಲೂ ಅದು ಇದೆ. ಶೇಂಗಾ ಹಿಂಡಿ ಪೂರ್ತಿ ಬಿಡಬೇಕಾ ಅಂತ ಅಳುಮುಖ ಮಾಡಿ ಕೇಳಿದೆ. "ಚಮಚಾದಾಗ ತಿನ್ರಿ, ಮುಷ್ಟೀಲೆ ಬ್ಯಾಡ" ಅಂದರು. ನಿಂಬೆಹಣ್ಣಿನ ರಸ ಒಳ್ಳೆಯದು, ಅದರ ಸಿಟ್ರೇಟ್ ಕಲ್ಲು ಕಟ್ಟುವುದನ್ನ ತಡೆಯುತ್ತದೆ. ಅದಕ್ಕೇನು ಕೊರತೆ, ನಿಂಬೆಗೆ ಹೆಸರಾದ ಇಂಡಿ ನಮ್ಮ ಜಿಲ್ಲೆಯಲ್ಲೇ ಇದೆ. ಉಪ್ಪು, ಸಕ್ಕರೆ ಹಾಕದೆ ನಿಂಬೆ ನೀರು ಕುಡಿಯಲು ಮಾತ್ರ ಒಂದು ವಾರ ಮುಖ ಹಿಂಡಿದೆ.

ನೀರು ಎಷ್ಟು ಕುಡಿಯಬೇಕು ಅಂತ ಕೇಳಿದರೆ ಡಾಕ್ಟರ್ ಅದನ್ನ ಹೇಳಲಿಲ್ಲ. "ಎಷ್ಟು ಕುಡೀತೀರಿ ಅನ್ನೋದು ನನಗ ಬ್ಯಾಡ್ರಿ. ದಿನಕ್ಕ ಎರಡೂವರಿ ಲೀಟರ್ ಹೊರಗ ಬರಬೇಕು" ಅಂದರು. ಬಿಸಿಲಿನಲ್ಲಿ ತಿರುಗುವವರಿಗೆ ಬೆವರಿನ ಲೆಕ್ಕ ಬೇರೆ. ಒಂದು ದೊಡ್ಡ ಕ್ಯಾನ್ ಕೊಟ್ಟು ಒಂದು ದಿನದ ಮೂತ್ರ ಪೂರ್ತಿ ಹಿಡಿದು ತರಲು ಹೇಳಿದರು. ಆಗ ನಾನು ಕೆಲಸಕ್ಕೆ ಮರಳಿದ್ದೆ. ಒಂದು ರಜೆಯ ದಿನ ಹಿಡಿದೆ. ದಿನವಿಡೀ ಕುಡಿದೂ ಕುಡಿದೂ 2 ಲೀಟರ್ ದಾಟಿತು. ಬಹಳ ಹೆಮ್ಮೆಯಿಂದ ಒಯ್ದೆ. "ಇದು ರಜಾದ ದಿನದ್ದು ಅಲ್ಲೇನ್ರಿ?" ಅಂದರು. ಹೇಗೆ ಗೊತ್ತಾಯಿತೋ. ಮಾರ್ಕೆಟ್‌ಗೆ ಹೋದ ದಿನದ್ದು ತನ್ನಿ ಅಂತ ಖಾಲಿ ಕ್ಯಾನ್ ಮತ್ತೆ ಕೈಗೆ ಕೊಟ್ಟರು. ತಂದೆ. 850 ಮಿಲಿಲೀಟರ್.

ಇಷ್ಟೆಲ್ಲ ಆಗಿ, ಎರಡು ಸಲ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು, ಸಾಲ ಮಾಡಿ ಬಂದು, ನಾನು ಮತ್ತೆ ಅದೇ ಅರ್ಧ ಕಪ್ ಚಹಾದ ಹೆಂಗಸಾಗಿದ್ದೆ. ಬಾಟಲಿ ಒಯ್ಯುತ್ತಿದ್ದೆ, ತುಂಬಿದ ಬಾಟಲಿ ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ನೀರಿನದಲ್ಲ ಸಮಸ್ಯೆ, ಮುಂದಿನದ್ದು.

ಮರುದಿನ ಬೆಳಿಗ್ಗೆ 11ರ ಸುಮಾರಿಗೆ ಭಾಂಡೆ ಅಂಗಡಿಗೆ ಹೋದೆ. ಜ್ವರದಲ್ಲಿ ನನಗೆ ಕುರ್ಚಿ ಹಾಕಿದವರು. ಅವತ್ತು ಅವರ ಹೆಂಡತಿ ಗಲ್ಲಾದಲ್ಲಿದ್ದರು. ಕಾಂಪ್ಲೆಕ್ಸ್‌ನ ಹಿಂದೆ ಅಂಗಡಿಯವರದ್ದೇ ಒಂದು ಪಾಯಖಾನೆ ಇದೆ, ಕೀಲಿ ಹಾಕಿರುತ್ತದೆ ಅಂತ ನನಗೆ ಮೊದಲಿಂದ ಗೊತ್ತಿತ್ತು. ಹನ್ನೊಂದು ವರ್ಷ ಕೇಳಿರಲಿಲ್ಲ. ದುಡ್ಡು ಕೇಳಲು ನಾಚಿಕೆ ಇಲ್ಲದ ನಾನು ಇದನ್ನ ಕೇಳಲು ನಾಚಿದ್ದೆ. ಚೀಟಿ ಹರಿದು ಕೊಟ್ಟು, ಆ ಕಡೆ ಈ ಕಡೆ ನೋಡಿ, ಸಣ್ಣ ದನಿಯಲ್ಲಿ ಕೇಳಿದೆ.

ಅವರು ತಲೆ ಕೂಡ ಎತ್ತಲಿಲ್ಲ. ನೋಟು ಎಣಿಸುತ್ತಲೇ ಗೋಡೆಯ ಕಡೆ ಕೈ ತೋರಿಸಿದರು. ತಕ್ಕಡಿಯ ಪಕ್ಕದ ಮೊಳೆಗೆ ಕೀಲಿಕೈ ನೇತು ಹಾಕಿತ್ತು. ಕೆಂಪು ದಾರ ಕಟ್ಟಿದ್ದು.

"ಅಲ್ಲೇ ಇರ್ತದಲ್ರಿ ಅಕ್ಕಾರ ಯಾವಾಗ್ಲೂ" ಅಂದರು. "ಹೊರಳಿ ಬರೋ ಮುಂದ ನೀರು ಹಾಕಿ ಬರ್ರಿ, ಅಷ್ಟ."